ಕಣ್ಣಿಗೆ ಕಾಣದ ಕ್ಷಣವನ್ನು ಹಿಡಿದ ಹೆರಾಲ್ಡ್ ಎಡ್ಜರ್ಟನ್

ಒಳಾಂಗಣ ಕ್ರೀಡಾಂಗಣದಲ್ಲಿ ಬ್ಯಾಡ್ಮಿಂಟನ್ ಪಂದ್ಯ ನಡೆಯುತ್ತಿದೆ. ನಮ್ಮ ಕಣ್ಣಿಗೆ ಅಲ್ಲಿ ಬೇಕಾದಷ್ಟು ಬೆಳಕಿದೆ. ಆದರೆ ಫೋಟೋ ತೆಗೆದು ನೋಡಿದರೆ ಆಟಗಾರ್ತಿಯ ಕೈ ಮಸುಕು, ರಾಕೆಟ್ ಮಾಯ, ಶಟಲ್ ಇರಬೇಕಾದ ಕಡೆ ಒಂದು ಬಿಳಿ ಗೀರು! ಇದಕ್ಕಿಂತ ದುಬಾರಿ ಕ್ಯಾಮೆರಾ ಬೇಕಿತ್ತು ಎಂದು ಹಲವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಇದು ಬೆಳಕು ಮತ್ತು ಸಮಯದ ಲೆಕ್ಕ. ಈ ಲೆಕ್ಕದ ಬೆನ್ನು ಹತ್ತಿ ಬದುಕನ್ನೇ ಕಳೆದವರು ಅಮೆರಿಕದ ಇಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್.

ಮೊದಲು ಲೆಕ್ಕ ನೋಡೋಣ. ಗಂಟೆಗೆ 180 ಕಿಲೋಮೀಟರ್ ವೇಗದ ಶಟಲ್ ಒಂದು ಸೆಕೆಂಡಿನಲ್ಲಿ 50 ಮೀಟರ್ ಸಾಗುತ್ತದೆ. ಕ್ಯಾಮೆರಾದ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅದು ಅರ್ಧ ಮೀಟರ್ ದಾಟಿರುತ್ತದೆ. ಸಾವಿರದ ಒಂದು ಭಾಗವಾದರೆ 5 ಸೆಂಟಿಮೀಟರ್. ಲಕ್ಷದ ಒಂದು ಭಾಗವಾದರೆ ಬರೀ ಅರ್ಧ ಮಿಲಿಮೀಟರ್. ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಫೋಟೋಗೆ ಸಾಕಾಗುವಷ್ಟು ಬೆಳಕು ಎಲ್ಲಿಂದ ಬರಬೇಕು?

ಮೋಟಾರಿನಿಂದ ಶುರುವಾದ ಹುಡುಕಾಟ

ಎಡ್ಜರ್ಟನ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಅರೋರಾ ಎಂಬ ಸಣ್ಣ ಊರಿನಲ್ಲಿ. ಫೋಟೋ ತೆಗೆಯುವುದನ್ನು ಕಲಿಸಿದ್ದು ಅವರ ಚಿಕ್ಕಪ್ಪ. ರಜೆಯಲ್ಲಿ ಊರಿನ ವಿದ್ಯುತ್ ಕಂಪನಿಯಲ್ಲಿ ಕೆಲಸ. ಮುಂದೆ ಈ ಎರಡೂ ಆಸಕ್ತಿಗಳು ಒಂದಾದವು. 1925ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದು, ಆಮೇಲೆ ಎಂಐಟಿ ಸೇರಿದರು.

ಅಲ್ಲಿ ಅವರು ಅಧ್ಯಯನ ಮಾಡುತ್ತಿದ್ದದ್ದು ಭರ್ರನೆ ತಿರುಗುವ ವಿದ್ಯುತ್ ಮೋಟಾರುಗಳನ್ನು. ಮೋಟಾರಿನ ವೇಗಕ್ಕೆ ಸರಿಯಾಗಿ ದೀಪ ಮಿನುಗಿದರೆ ತಿರುಗುವ ಭಾಗ ನಿಂತಂತೆ ಕಾಣುತ್ತದೆ. ಇದೇ ಸ್ಟ್ರೋಬೋಸ್ಕೋಪ್. ಇದನ್ನು ಕಂಡುಹಿಡಿದವರು ಎಡ್ಜರ್ಟನ್ ಎಂಬ ಮಾತಿದೆ, ಅದು ತಪ್ಪು. ಈ ತತ್ವ 1830ರ ದಶಕದಲ್ಲೇ ಗೊತ್ತಿತ್ತು. ವಿದ್ಯುತ್ ಕಿಡಿಯ ಬೆಳಕಿನಲ್ಲಿ ತಿರುಗುವ ವಸ್ತುವಿನ ಫೋಟೋ ತೆಗೆಯುವ ಪ್ರಯೋಗವನ್ನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1851ರಲ್ಲೇ ಮಾಡಿದ್ದರು.

ಎಡ್ಜರ್ಟನ್ ಮಾಡಿದ್ದು ಅದನ್ನು ನಂಬಿ ಬಳಸಬಹುದಾದ ಸಾಧನವಾಗಿಸುವ ಕೆಲಸ. ಕೆಪಾಸಿಟರ್‌ನಲ್ಲಿ ವಿದ್ಯುತ್ತನ್ನು ಕೂಡಿಟ್ಟು, ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಒಮ್ಮೆಲೇ ಹರಿಸಿದರೆ ಕಣ್ಣು ಕೋರೈಸುವ ಮಿಂಚು ಹೊಮ್ಮುತ್ತದೆ. ಅದರ ಆಯಸ್ಸು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟಿರಬಹುದು. ಆ ಕಾಲದ ಫ್ಲ್ಯಾಶ್ ಬಲ್ಬು ಒಮ್ಮೆ ಉರಿದರೆ ಮುಗಿಯಿತು. ಇದನ್ನು ಮತ್ತೆ ಮತ್ತೆ ಬೆಳಗಿಸಬಹುದಿತ್ತು.

ಇಲ್ಲೇ ಇರುವುದು ಗುಟ್ಟು. ಕೋಣೆ ಕತ್ತಲಾಗಿದ್ದರೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಚಿಂತೆಯಿಲ್ಲ. ಚಿತ್ರ ಮೂಡುವುದು ಮಿಂಚು ಇರುವಷ್ಟು ಹೊತ್ತು ಮಾತ್ರ. ಅಲ್ಲಿ ಚಲನೆಯನ್ನು ನಿಲ್ಲಿಸುವುದು ಶಟರ್ ಅಲ್ಲ, ಬೆಳಕು.

ಆಟದ ಅಂಗಳ, ಯುದ್ಧದ ರಾತ್ರಿ

ಎಡ್ಜರ್ಟನ್ ಈ ದೀಪವನ್ನು ಮೋಟಾರಿನಿಂದ ನಲ್ಲಿ ನೀರಿನತ್ತ, ಹಾಲಿನ ಹನಿಯತ್ತ, ಆಟಗಾರರತ್ತ ತಿರುಗಿಸಿದರು. ಒದ್ದಾಗ ಫುಟ್‌ಬಾಲ್ ಎಷ್ಟು ಆಳಕ್ಕೆ ತಗ್ಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಸೆಕೆಂಡಿಗೆ 100 ಬಾರಿ ಮಿನುಗುವ ಬೆಳಕಿನಲ್ಲಿ ಗಾಲ್ಫ್ ಆಟಗಾರನ ಇಡೀ ಹೊಡೆತ ಒಂದೇ ಚಿತ್ರದಲ್ಲಿ ಬೀಸಣಿಗೆಯಂತೆ ಅರಳಿತು. ಬಾಕ್ಸಿಂಗ್ ಕಣಕ್ಕೂ ಇಂತಹ ಫ್ಲ್ಯಾಶ್ ಬಂತು. ಅವರೊಂದಿಗೆ ಕೆಲಸ ಮಾಡಿದ ಗ್ಯೋನ್ ಮಿಲಿ ಇದೇ ತಂತ್ರವನ್ನು ಲೈಫ್ ಪತ್ರಿಕೆಯ ಚಿತ್ರಗಳಲ್ಲಿ ಬಳಸಿದರು.

ಎರಡನೇ ಮಹಾಯುದ್ಧದಲ್ಲಿ ಅದೇ ದೀಪ ದೈತ್ಯರೂಪ ತಾಳಿ ವಿಮಾನವೇರಿತು. 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಮುನ್ನ, ಜರ್ಮನ್ ಸೇನೆ ಚಲಿಸುತ್ತಿದೆಯೇ ಎಂದು ತಿಳಿಯಲು ರಾತ್ರಿ ಆಕಾಶದಿಂದ ಫೋಟೋ ತೆಗೆದದ್ದು ಈ ಬೆಳಕಿನಲ್ಲಿ.

ಯುದ್ಧದ ನಂತರ ಗೆಳೆಯರಾದ ಜರ್ಮೆಶಾಸೆನ್ ಮತ್ತು ಗ್ರಿಯರ್ ಜೊತೆ ಕಟ್ಟಿದ ಕಂಪನಿ ಅಣುಬಾಂಬ್ ಪರೀಕ್ಷೆಗಳಿಗೂ ದುಡಿಯಿತು. ಅಲ್ಲಿ ಸಮಸ್ಯೆ ತಿರುಗುಮುರುಗು: ಬೆಳಕು ವಿಪರೀತ, ಅದನ್ನು ತಡೆಯುವ ಶಟರ್ ಬೇಕು. ಯಾವ ಯಂತ್ರಭಾಗವೂ ಅಷ್ಟು ಬೇಗ ತೆರೆದು ಮುಚ್ಚಲಾರದು. ಹಾಗಾಗಿ ಚಲಿಸುವ ಭಾಗವೇ ಇಲ್ಲದ ಶಟರ್ ರೂಪಿಸಿದರು. ಹಾಲಿನ ಹನಿಯ ಕಿರೀಟವನ್ನು ತೋರಿಸಿದ ಕುತೂಹಲವೇ ಬಾಂಬಿನ ಬೆಂಕಿಯುಂಡೆಯನ್ನೂ ತೋರಿಸಿತು. ಅವರ ಬದುಕನ್ನು ಹೇಳುವಾಗ ಮೊದಲನೆಯದನ್ನು ನೆನೆದು ಎರಡನೆಯದನ್ನು ಮರೆಯುವಂತಿಲ್ಲ.

ಮುಂದೆ ಅವರು ಕಡಲಾಳಕ್ಕೂ ಬೆಳಕು ಒಯ್ದರು, ಸಾಗರ ಸಂಶೋಧಕ ಕೂಸ್ತೋ ಜೊತೆ ಕೆಲಸ ಮಾಡಿದರು. 1964ರಲ್ಲಿ ಸೇಬನ್ನು ಸೀಳಿ ಹೊರಟ ಗುಂಡಿನ ಪ್ರಸಿದ್ಧ ಚಿತ್ರ ತೆಗೆದರು. 1990ರ ಜನವರಿ 4ರಂದು ತೀರಿಕೊಂಡರು.

ನಮ್ಮ ಕ್ಯಾಮೆರಾಗೆ ಇದರಿಂದೇನು?

ಇಂದು ಬ್ಯಾಡ್ಮಿಂಟನ್ ಪಂದ್ಯದಲ್ಲಿ ಫ್ಲ್ಯಾಶ್ ಬಳಸುವಂತಿಲ್ಲ, ಆಟಗಾರರ ಕಣ್ಣು ಕುಕ್ಕುತ್ತದೆ. ಫೋನಿನ ಫ್ಲ್ಯಾಶಂತೂ ಎಡ್ಜರ್ಟನ್ ಮಿಂಚಿನ ಜಾತಿಯದ್ದೇ ಅಲ್ಲ. ಅದು ತುಸು ಹೊತ್ತು ಬೆಳಗುವ ಎಲ್‌ಇಡಿ. ಬೆಳಕು ಕೆಲವೇ ಮೀಟರ್ ತಲುಪುತ್ತದೆ, ಚಲನೆಯನ್ನು ನಿಲ್ಲಿಸುವುದಿಲ್ಲ.

ಹಾಗಾಗಿ ಶಟರ್ ಮೇಲೆಯೇ ಭಾರ ಹಾಕಬೇಕು. ವೇಗವನ್ನು 1/1000ಕ್ಕೆ, ಬೆಳಕು ತೀರಾ ಕಡಿಮೆಯಿದ್ದರೆ 1/500ಕ್ಕೆ ಇಡಿ. ಅಪರ್ಚರನ್ನು ಎಫ್/2.8 ಅಥವಾ ಅದಕ್ಕಿಂತ ಅಗಲಕ್ಕೆ ತೆರೆಯಿರಿ. ಉಳಿದ ಕೊರತೆಯನ್ನು ಐಎಸ್‌ಒ ತುಂಬಲಿ, 3200 ಅಥವಾ 6400 ಆದರೂ ಹೆದರಬೇಡಿ. ಐಎಸ್‌ಒ ಹೆಚ್ಚಿಸಿದ್ದರಿಂದಲೇ ಚಿತ್ರದಲ್ಲಿ ಕಾಳುಕಾಳು ಬರುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದಕ್ಕೆ ಮುಖ್ಯ ಕಾರಣ ಸೆನ್ಸರಿಗೆ ಬಿದ್ದ ಬೆಳಕೇ ಕಡಿಮೆ ಇರುವುದು. ಕಾಳುಕಾಳಾದ ಚಿತ್ರವನ್ನು ಆಮೇಲೆ ಸುಧಾರಿಸಬಹುದು, ಮಸುಕಾದ ಮುಖವನ್ನು ಸರಿಪಡಿಸುವುದು ಬಹಳ ಕಷ್ಟ.

ಇನ್ನೊಂದು ಮಾತು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಒಂದು ಚಿತ್ರ ಬೆಳಗಿ, ಮುಂದಿನದು ಕಪ್ಪಗೆ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ಮಿನುಗು ತಡೆಯುವ ಆಯ್ಕೆ ನಿಮ್ಮ ಕ್ಯಾಮೆರಾದಲ್ಲಿದ್ದರೆ ಬಳಸಿ. ಎಡ್ಜರ್ಟನ್ ಬೇಕೆಂದೇ ಮಿನುಗಿಸಿದ ಬೆಳಕು ಅವರಿಗೆ ನೆರವಾಯಿತು. ಚಾವಣಿಯ ದೀಪ ತಾನಾಗಿ ಮಿನುಗಿದರೆ ನಮಗೆ ತೊಂದರೆ, ಅಷ್ಟೇ!