ಹೆಸರುಗಳ ದಾರಿಯಲ್ಲಿ ನಡೆದ ಪಾದ್ರಿ: ಹುನಿಪೆರೊ ಸೆರ್ರಾ

ಮೂರನೇ ವರ್ಷಕ್ಕೆ ಬಂದ್ರೆ ಸಾಕು, ನಮ್ಮ ಬಾಯಲ್ಲಿ ಒಂದಷ್ಟು ಊರುಗಳ ಹೆಸರು ತಾನಾಗೇ ಓಡಾಡೋಕೆ ಶುರುವಾಗುತ್ತೆ. ಸ್ಯಾನ್ ಫ್ರಾನ್ಸಿಸ್ಕೊ, ಸಾಂತಾ ಕ್ಲಾರಾ, ಪಾಲೊ ಆಲ್ಟೊ, ಸ್ಯಾನ್ ಹೊಸೆ. ಎಂ.ಎಸ್. ಮಾಡೋಕೆ ಹೋದ ಸೀನಿಯರ್‌ಗಳಲ್ಲಿ ಸುಮಾರು ಜನ ಅಲ್ಲೇ ಇದ್ದಾರೆ. ನಾನು ಮೊದಲ ಸಲ ಸ್ಯಾನ್ ಜೋಸ್ ಅಂದಾಗ ಒಬ್ಬ ಸೀನಿಯರ್ ನಕ್ಕು, ಅದು ಜೋಸ್ ಅಲ್ಲ ಕಣೋ, ಹೊಸೆ ಅಂತ ತಿದ್ದಿದ್ರು. ಬತ್ತಿ ಹೊಸೆಯೋ ಹೊಸೆನಾ ಅಂತ ಕೇಳಿ ಅವರನ್ನ ಇನ್ನೊಂದು ಸಲ ನಗಿಸಿದ್ದೆ. ಆದ್ರೆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳೀತು. ಇಂಗ್ಲಿಷ್ ಮಾತಾಡೋ ದೇಶದಲ್ಲಿ ಇಷ್ಟೊಂದು ಊರಿಗೆ ಸ್ಪ್ಯಾನಿಷ್ ಹೆಸರು ಹೇಗೆ ಬಂತು?

ಊರಷ್ಟೇ ಅಲ್ಲ. ಪಾಲೊ ಆಲ್ಟೊ ಅಂದ್ರೆ ಎತ್ತರದ ಮರ. ಆ ಹೆಸರಿನ ರೆಡ್‌ವುಡ್ ಮರ ಇವತ್ತೂ ಅಲ್ಲಿ ನಿಂತಿದೆ. ಸಿಯೆರಾ ನೆವಾಡಾ ಅಂದ್ರೆ ಹಿಮ ಹೊದ್ದ ಬೆಟ್ಟಸಾಲು. ಲಾಸ್ ಗಾಟೋಸ್ ಅಂದ್ರೆ ಬೆಕ್ಕುಗಳು. ನಾವು ದಿನಾ ಬಳಸೋ ಫೋಟೋಶಾಪ್ ಮಾಡಿದ ಅಡೋಬಿ ಕಂಪನಿಗೆ ಹೆಸರು ಬಂದಿದ್ದು, ಅದರ ಸ್ಥಾಪಕರೊಬ್ಬರ ಮನೆಯ ಹಿಂದೆ ಹರಿಯೋ ಅಡೋಬಿ ಕ್ರೀಕ್ ಅನ್ನೋ ತೊರೆಯಿಂದ. ಅಡೋಬಿ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ. ಅದೇ ಸಿಲಿಕಾನ್ ಕಣಿವೆಯ 280ನೇ ನಂಬರಿನ ಹೆದ್ದಾರಿಗೆ ಒಬ್ಬ ಪಾದ್ರಿಯ ಹೆಸರಿದೆ: ಹುನಿಪೆರೊ ಸೆರ್ರಾ. ಈ ಹೆಸರುಗಳ ಕಥೆ ತಿಳೀಬೇಕಂದ್ರೆ ಅವನ ಕಥೆ ತಿಳೀಬೇಕು.

ಅವನು ಹುಟ್ಟಿದ್ದು 1713ರ ನವೆಂಬರ್ 24ರಂದು, ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಪೆತ್ರಾ ಅನ್ನೋ ಹಳ್ಳಿಯಲ್ಲಿ. ಅಪ್ಪ ಅಮ್ಮ ಓದು ಬಾರದ ರೈತರು. ಇಟ್ಟ ಹೆಸರು ಮಿಗೆಲ್ ಹೊಸೆ. ಹದಿಹರೆಯದಲ್ಲೇ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಸೇರಿ, ಸಂತ ಫ್ರಾನ್ಸಿಸನ ಒಬ್ಬ ಒಡನಾಡಿಯ ನೆನಪಿಗೆ ಹುನಿಪೆರೊ ಅಂತ ಹೆಸರು ಬದಲಾಯಿಸಿಕೊಂಡ. ಆಳು ಕುಳ್ಳ, ಬುದ್ಧಿ ಚುರುಕು. ಪಾಲ್ಮಾದ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಪ್ರೊಫೆಸರ್ ಆದ. ಈಗಿನ ಮಾತಲ್ಲಿ ಹೇಳೋದಾದ್ರೆ ಲೈಫ್ ಸೆಟ್ಲ್.

ಆದ್ರೆ 35ನೇ ವಯಸ್ಸಲ್ಲಿ ಅದನ್ನೆಲ್ಲ ಬಿಟ್ಟು, ಧರ್ಮಪ್ರಚಾರಕ್ಕೆ ಅಂತ ಅಟ್ಲಾಂಟಿಕ್ ದಾಟೋಕೆ ಹೊರಟ. ವಯಸ್ಸಾದ ಅಪ್ಪ ಅಮ್ಮನ ಎದುರು ನಿಂತು ಹೋಗ್ತೀನಿ ಅನ್ನೋ ಧೈರ್ಯ ಬರಲಿಲ್ಲ. 1749ರಲ್ಲಿ ಕಾದಿಸ್ ಬಂದರಿನಿಂದ ಸಂಬಂಧಿಯಾದ ಒಬ್ಬ ಪಾದ್ರಿಗೆ ಕಾಗದ ಬರೆದು, ಅದನ್ನ ಅವರಿಗೆ ಓದಿ ಹೇಳಿ, ಸಮಾಧಾನ ಮಾಡಿ ಅಂತ ಕೇಳಿಕೊಂಡ. ಒಂದು ವಿಷಯ ಗಮನಿಸಿ. ಆ ಕಾಗದ ಇದ್ದಿದ್ದು ಸ್ಪ್ಯಾನಿಷ್‌ನಲ್ಲಲ್ಲ, ಮಯೋರ್ಕಾದ ಮನೆಮಾತಿನಲ್ಲಿ. ಅದು ಕ್ಯಾಟಲಾನ್ ಭಾಷೆಯ ಒಂದು ರೂಪ. ಸ್ಪ್ಯಾನಿಷ್ ಅವನಿಗೆ ಕಲಿತ ಭಾಷೆ. ಅಪ್ಪ ಅಮ್ಮನನ್ನ ಅವನು ಮತ್ತೆ ನೋಡಲೇ ಇಲ್ಲ.

ಹಡಗು ಮೆಕ್ಸಿಕೊದ ವೆರಾಕ್ರೂಸ್ ಮುಟ್ಟಿದ ಮೇಲೆ, ಬೇರೆಯವರು ಸವಾರಿ ಹಿಡಿದ್ರೂ ಇವನು ಮೆಕ್ಸಿಕೊ ನಗರಕ್ಕೆ ನಡೆದೇ ಹೊರಟ. ದಾರಿಯಲ್ಲಿ ಯಾವುದೋ ಕೀಟ ಕಚ್ಚಿ ಕಾಲು ಊದಿಕೊಂಡು ಹುಣ್ಣಾಯ್ತು. ಆ ನೋವು ಸಾಯೋವರೆಗೂ ಬಿಡಲಿಲ್ಲ, ಅವನು ನಡೆಯೋದನ್ನೂ ಬಿಡಲಿಲ್ಲ. ಮುಂದೆ ಸಿಯೆರಾ ಗೋರ್ದಾ ಬೆಟ್ಟಗಳಲ್ಲಿ ಎಂಟು ವರ್ಷ ಕೆಲಸ ಮಾಡಿದ. ಅಲ್ಲಿನ ಐದು ಮಿಷನ್ ಚರ್ಚುಗಳು ಈಗ ಯುನೆಸ್ಕೊ ಪಟ್ಟಿಯಲ್ಲಿವೆ.

1767ರಲ್ಲಿ ಸ್ಪೇನಿನ ರಾಜ ತನ್ನ ರಾಜ್ಯದಿಂದ ಜೆಸ್ಯೂಟ್ ಪಾದ್ರಿಗಳನ್ನೆಲ್ಲ ಹೊರಹಾಕಿದ. ಅವರ ಜಾಗದಲ್ಲಿ ಕ್ಯಾಲಿಫೋರ್ನಿಯಾದ ಹೊಣೆ ಫ್ರಾನ್ಸಿಸ್ಕನ್ನರಿಗೆ ಬಂತು, ಮುಂದಾಳು ಸೆರ್ರಾ. ಉತ್ತರದಿಂದ ರಷ್ಯನ್ನರು ಇಳಿದು ಬರ್ತಾರೆ ಅನ್ನೋ ಭಯ ಸ್ಪೇನಿಗಿತ್ತು. ಹಾಗಾಗಿ 1769ರಲ್ಲಿ ಗಾಸ್ಪಾರ್ ದೆ ಪೋರ್ತೊಲಾ ಅನ್ನೋ ಅಧಿಕಾರಿಯ ಕೈಕೆಳಗೆ ಸೈನಿಕರು, ಪಾದ್ರಿಗಳು ಉತ್ತರಕ್ಕೆ ಹೊರಟ್ರು. ದಾರಿಯಲ್ಲಿ ಸೆರ್ರಾಗೆ ನಿಲ್ಲೋಕೂ ಆಗದಷ್ಟು ಕಾಲುನೋವು. ಹೇಸರಗತ್ತೆ ಮೇಯಿಸುವವನನ್ನ ಕರೆದು ಮದ್ದು ಕೇಳಿದ. ಅವನು, ನನಗೆ ಪ್ರಾಣಿಗಳ ವೈದ್ಯ ಬಿಟ್ಟು ಬೇರೆ ಗೊತ್ತಿಲ್ಲ ಅಂದ. ಹಾಗಾದ್ರೆ ನನ್ನನ್ನೂ ಒಂದು ಪ್ರಾಣಿ ಅಂದ್ಕೊ ಅಂದ ಸೆರ್ರಾ. ಕೊಬ್ಬು, ಸೊಪ್ಪು ಸೇರಿಸಿ ಬಿಸಿ ಮಾಡಿ ಹಚ್ಚಿದ್ದಕ್ಕೆ ಮಾರನೇ ದಿನ ಎದ್ದು ಹೊರಟ.

1769ರ ಜುಲೈ 16ರಂದು ಸ್ಯಾನ್ ಡಿಯಾಗೊದಲ್ಲಿ ಮೊದಲ ಮಿಷನ್ ಶುರುವಾಯ್ತು. ಮಿಷನ್ ಅಂದ್ರೆ ಬರೀ ಚರ್ಚ್ ಅಲ್ಲ. ಹೊಲ, ಉಗ್ರಾಣ, ಕಮ್ಮಾರಸಾಲೆ, ಮನೆ ಎಲ್ಲ ಸೇರಿದ ಒಂದು ಊರು. ಹಡಗಿನಲ್ಲಿ ಬಂದ ಎಷ್ಟೋ ಜನ ಸ್ಕರ್ವಿ ಕಾಯಿಲೆಯಿಂದ ಸತ್ತಿದ್ರು, ಊಟ ಮುಗೀತಾ ಬಂದಿತ್ತು. ಸಂತ ಹೊಸೆಯ ಹಬ್ಬದೊಳಗೆ ಹಡಗು ಬರದಿದ್ರೆ ವಾಪಸ್ ಹೋಗೋದೇ ಅಂತ ಪೋರ್ತೊಲಾ ಗಡುವು ಇಟ್ಟ. 1770ರ ಮಾರ್ಚ್ 19, ಸರಿಯಾಗಿ ಆ ಹಬ್ಬದ ದಿನವೇ ದೂರದಲ್ಲಿ ಹಾಯಿ ಕಾಣಿಸ್ತು.

ಅಲ್ಲಿಂದ ಮುಂದೆ ಸೆರ್ರಾ ಬದುಕಿರುವಾಗಲೇ ಒಂಬತ್ತು ಮಿಷನ್‌ಗಳು ಎದ್ದವು. ಸ್ಯಾನ್ ಫ್ರಾನ್ಸಿಸ್ಕೊ 1776ರಲ್ಲಿ, ಸಾಂತಾ ಕ್ಲಾರಾ 1777ರಲ್ಲಿ. ಎಲ್ಲಾ ಹೆಸರನ್ನೂ ಇವನೇ ಇಟ್ಟ ಅಂತಲ್ಲ. ಸ್ಯಾನ್ ಡಿಯಾಗೊ, ಮಾಂಟೆರೇ ಹೆಸರುಗಳನ್ನ 1602ರಲ್ಲೇ ಒಬ್ಬ ನಾವಿಕ ಇಟ್ಟು ಹೋಗಿದ್ದ. ಇನ್ನೆಷ್ಟೋ ಹೆಸರು ಪೋರ್ತೊಲಾ ಜೊತೆ ನಡೆದ ಹುವಾನ್ ಕ್ರೆಸ್ಪಿಯ ದಿನಚರಿಯಿಂದ ಬಂದವು. ಈ ಕ್ರೆಸ್ಪಿ ಸೆರ್ರಾನ ಹಳೇ ಸ್ಟೂಡೆಂಟ್. ಬರೀ ನಕ್ಷೆಯ ಮೇಲಿದ್ದ ಹೆಸರುಗಳ ಕೆಳಗೆ ಇಟ್ಟಿಗೆ ಇಟ್ಟು ಊರು ಮಾಡಿದ್ದು ಈ ಮಿಷನ್‌ಗಳು.

ಆ ಇಟ್ಟಿಗೆಯೇ ಅಡೋಬಿ. ಮಣ್ಣು, ನೀರು, ಹುಲ್ಲು ಸೇರಿಸಿ ತುಳಿದು, ಮರದ ಅಚ್ಚಿಗೆ ಹಾಕಿ ಬಿಸಿಲಿಗಿಡೋದು. ಗೂಡು ಬೇಡ, ಸೌದೆ ಬೇಡ. ದಪ್ಪ ಗೋಡೆ ಹಗಲಿನ ಬಿಸಿ ನಿಧಾನಕ್ಕೆ ಹೀರಿ ರಾತ್ರಿ ಬಿಟ್ಟುಕೊಡೋದ್ರಿಂದ ಒಳಗೆ ಹಗಲು ತಂಪು, ರಾತ್ರಿ ಬೆಚ್ಚಗೆ. ಆದ್ರೆ ನೀರು ತಾಗಿದ್ರೆ ಕರಗುತ್ತೆ. ಅದಕ್ಕೇ ಮೇಲೆ ಮುಂದಕ್ಕೆ ಚಾಚಿದ ಸೂರು, ಹುಲ್ಲಿಗೆ ಬೆಂಕಿ ಬೀಳೋದು ಕಂಡ ಮೇಲೆ ಕೆಂಪು ಹೆಂಚು, ಸುತ್ತ ಕಮಾನಿನ ಮೊಗಸಾಲೆ, ನಡುವೆ ಅಂಗಳ. ಮುಂದೆ ಇದೇ ಒಂದು ಶೈಲಿಯಾಯ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಂಪು ಹೆಂಚು, ಕಮಾನುಗಳಲ್ಲಿ ಇದರ ನೆರಳಿದೆ. ಸ್ಯಾನ್ ಹುವಾನ್ ಕಾಪಿಸ್ಟ್ರಾನೊದಲ್ಲಿ ಸೆರ್ರಾ ಪೂಜೆ ಮಾಡಿದ ಅಡೋಬಿ ಗುಡಿ ಇವತ್ತಿಗೂ ನಿಂತಿದೆ.

ಆ ಮಣ್ಣು ತುಳಿದವರು ಯಾರು? ಅಲ್ಲಿನ ಮೂಲನಿವಾಸಿಗಳು: ಕುಮೆಯಾಯ್, ಚುಮಾಶ್, ಒಲೋನಿ ಜನ. ಕಥೆ ಭಾರ ಆಗೋದು ಇಲ್ಲೇ. ಒಮ್ಮೆ ದೀಕ್ಷೆ ತಗೊಂಡವರು ಅನುಮತಿ ಇಲ್ಲದೆ ಮಿಷನ್ ಬಿಟ್ಟು ಹೋಗೋ ಹಾಗಿರಲಿಲ್ಲ. ಓಡಿಹೋದವರನ್ನ ಸೈನಿಕರು ಹಿಡಿದು ತರ್ತಿದ್ರು, ಚಾಟಿ ಏಟು ಬೀಳ್ತಿತ್ತು. ತಂದೆ ಮಕ್ಕಳನ್ನ ತಿದ್ದೋ ಹಾಗೆ ಇದು ಅಂತ ಸೆರ್ರಾ ಗವರ್ನರ್‌ಗೆ ಬರೆದ ಕಾಗದದಲ್ಲಿ ಸಮರ್ಥಿಸಿಕೊಂಡ. ಯುರೋಪಿನ ಕಾಯಿಲೆಗಳು ಒಟ್ಟೊಟ್ಟಿಗೆ ಇದ್ದ ಜನರಲ್ಲಿ ಹಬ್ಬಿದವು. 1769ರಲ್ಲಿ ಸುಮಾರು 3 ಲಕ್ಷ ಇದ್ದ ಮೂಲನಿವಾಸಿಗಳು ಮುಕ್ಕಾಲು ಶತಮಾನದಲ್ಲಿ ಅರ್ಧಕ್ಕೆ ಇಳಿದ್ರು ಅನ್ನೋದು ಇತಿಹಾಸಕಾರರ ಅಂದಾಜು.

ಅದೇ ಸೆರ್ರಾ, ಸೈನಿಕರು ಅಲ್ಲಿನ ಹೆಂಗಸರ ಮೇಲೆ ಮಾಡ್ತಿದ್ದ ಅತ್ಯಾಚಾರ ಸಹಿಸದೆ, 1773ರಲ್ಲಿ ಅದೇ ಕೆಟ್ಟ ಕಾಲಿನಲ್ಲಿ ಮೆಕ್ಸಿಕೊ ನಗರದವರೆಗೆ ಹೋಗಿ ವೈಸರಾಯ್ ಎದುರು 32 ಅಂಶಗಳ ಮನವಿ ಇಟ್ಟ. 1775ರಲ್ಲಿ ಕುಮೆಯಾಯ್ ಜನ ಸ್ಯಾನ್ ಡಿಯಾಗೊ ಮಿಷನ್ ಸುಟ್ಟು ಒಬ್ಬ ಪಾದ್ರಿಯನ್ನ ಕೊಂದಾಗ, ತಪ್ಪಿತಸ್ಥರನ್ನ ಗಲ್ಲಿಗೇರಿಸಬೇಡಿ ಅಂತ ಬೇಡಿಕೊಂಡ. ಎರಡೂ ಒಬ್ಬನೇ ಮನುಷ್ಯ.

1784ರ ಆಗಸ್ಟ್ 28ರಂದು ಕಾರ್ಮೆಲ್ ಮಿಷನ್‌ನಲ್ಲಿ, 70ನೇ ವಯಸ್ಸಲ್ಲಿ ತೀರಿಕೊಂಡ. ಅಲ್ಲೇ ಸಮಾಧಿ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವನನ್ನ ಸಂತ ಅಂತ ಘೋಷಿಸಿದ್ರು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರತಿಭಟನೆಗೆ ಬಂದವರು ಅವನ ಪ್ರತಿಮೆ ಉರುಳಿಸಿದ್ರು. ಸ್ಟ್ಯಾನ್‌ಫರ್ಡ್ ತನ್ನ ಮುಖ್ಯ ವಿಳಾಸದಲ್ಲಿದ್ದ ಸೆರ್ರಾ ಹೆಸರು ತೆಗೆದು ಜೇನ್ ಸ್ಟ್ಯಾನ್‌ಫರ್ಡ್ ಹೆಸರಿಟ್ಟಿತು. 280ನೇ ಹೆದ್ದಾರಿ ಮಾತ್ರ ಇನ್ನೂ ಅವನ ಹೆಸರಲ್ಲೇ ಇದೆ.

ಕಾರ್ಮೆಲ್ ಸುತ್ತಮುತ್ತ ಮಿಷನ್‌ಗಿಂತ ಮುಂಚೆ ಆಡ್ತಿದ್ದ ಭಾಷೆ ರುಮ್ಸೆನ್. ಅದನ್ನ ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ ಇಸಬೆಲ್ ಮೆಡೋಸ್ ಅನ್ನೋ ಅಜ್ಜಿ. ವಯಸ್ಸಾದ ಕಾಲದಲ್ಲಿ ಒಬ್ಬ ಭಾಷಾವಿಜ್ಞಾನಿಯ ಜೊತೆ ಕೂತು ತನಗೆ ನೆನಪಿದ್ದ ಮಾತು, ಕಥೆಗಳನ್ನೆಲ್ಲ ಬರೆಸಿ, 1939ರಲ್ಲಿ ತೀರಿಕೊಂಡ್ರು. ಈಗ ಅವರ ಜನ ಆ ಬರಹ ಹಿಡಿದೇ ಭಾಷೆಯನ್ನ ಮತ್ತೆ ಕಲೀತಿದ್ದಾರೆ. ಮಲಿಬು, ನಾಪಾ ಥರದ ಕೆಲವು ಊರುಗಳಲ್ಲಿ ಹಳೇ ಜನರ ಹೆಸರು ಉಳಿದಿದೆ. ಉಳಿದ ಎಷ್ಟೋ ಕಡೆ ಸಂತರ ಹೆಸರಿನ ಅಡಿಯಲ್ಲಿ ಮುಚ್ಚಿಹೋಗಿದೆ.

ನನಗೆ ಮತ್ತೆ ಮತ್ತೆ ನೆನಪಾಗೋದು ಕಾದಿಸ್ ಬಂದರಿನ ಆ ಕಾಗದ. ಅಪ್ಪ ಅಮ್ಮನ ಹತ್ತಿರ ಮನಸ್ಸು ಬಿಚ್ಚಬೇಕಾದಾಗ ಅವನಿಗೂ ಬೇಕಾಗಿದ್ದು ಹಳ್ಳಿಯ ಮನೆಮಾತೇ. ದಾಟಿ ಹೋದ ಮೇಲೆ ಇನ್ನೊಬ್ಬರ ಮನೆಮಾತಿನ ಮೇಲೆ ಕಲಿತ ಭಾಷೆಯ ಹೆಸರುಗಳನ್ನ ಕಟ್ಟಿದ. ಮುಂದೆ ನಮ್ಮಲ್ಲಿ ಯಾರಾದ್ರೂ ಸ್ಯಾನ್ ಹೊಸೆಯಲ್ಲಿ ಇಳಿದು, ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅಂತ ಆ 280ರಲ್ಲಿ ಕಾರು ಓಡಿಸ್ತಾ ಹೋಗಬಹುದು. ಹೆದ್ದಾರಿಯ ಬೋರ್ಡು ಕಂಡಾಗ ಆ ಪಾದ್ರಿಯನ್ನೂ ನೆನೆಸಿಕೊಳ್ಳಿ, ಇಸಬೆಲ್ ಅಜ್ಜಿಯನ್ನೂ ನೆನೆಸಿಕೊಳ್ಳಿ.