ಟರ್ನರನ ಸ್ಕೆಚ್ ಪುಸ್ತಕಗಳು

ಇಂಗ್ಲೆಂಡಿನ ನಿಸರ್ಗ ಚಿತ್ರಕಾರರಲ್ಲಿ ಅಗ್ರಗಣ್ಯನಾದ ಜೋಸೆಫ್ ಮಲ್ಲಾರ್ಡ್ ವಿಲಿಯಂ ಟರ್ನರ್ 1775ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿಯ ಓಣಿಯೊಂದರಲ್ಲಿ ಕ್ಷೌರಿಕನ ಮಗನಾಗಿ ಜನಿಸಿದನು. ಮಗನ ಚಿತ್ರಗಳನ್ನು ತಂದೆ ತನ್ನ ಅಂಗಡಿಯಲ್ಲಿಯೇ ತೂಗುಹಾಕಿ ಕೆಲವು ಶಿಲ್ಲಿಂಗಿಗೆ ಮಾರುತ್ತಿದ್ದನು. 14ನೆಯ ವಯಸ್ಸಿನಲ್ಲಿ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದ ಹುಡುಗನು 1802ರಲ್ಲಿ, ಇನ್ನೂ 26 ತುಂಬಿದಾಗಲೇ, ಅದರ ಪೂರ್ಣ ಸದಸ್ಯನಾದನು. ಇವೆಲ್ಲ ಕಲಾಚರಿತ್ರೆಗಳಲ್ಲಿ ದೊರೆಯುವ ಸಂಗತಿಗಳು. ನಮ್ಮ ಮನಸ್ಸನ್ನು ಸೆಳೆದುದು ಅವನ ಕಿಸೆಯಲ್ಲಿದ್ದ ಪುಸ್ತಕಗಳು.

ಬೇಸಿಗೆಯಲ್ಲಿ ಸಂಚಾರ, ಚಳಿಗಾಲದಲ್ಲಿ ಚಿತ್ರಶಾಲೆ. ಇದು ಅವನ ಬಾಳಿನ ಕ್ರಮವಾಗಿತ್ತು. ಹೊರಡುವ ಮುನ್ನ ಪುಸ್ತಕವನ್ನು ಆರಿಸುವುದರಲ್ಲಿಯೇ ಅವನಿಗೊಂದು ಆನಂದವಿದ್ದಿರಬೇಕು. ಅಂಗೈಯಗಲದ ಪುಟ್ಟ ಪುಸ್ತಕವೊಂದರ ಹಾಳೆಗಳಿಗೆ ಮೊದಲೇ ಕೆಂಗಂದು ಬಣ್ಣ ಬಳಿದು ಸಿದ್ಧಪಡಿಸಿದ್ದನು. 1802ರಲ್ಲಿ ಆಲ್ಪ್ಸ್ ಪರ್ವತಗಳಿಗೆ ಹೋದಾಗ ಒಯ್ದ ಒಂದು ಪುಸ್ತಕದ ಹಾಳೆಗಳು ಬೂದುಬಣ್ಣದವು. ಬೆಳಕು ಬೇಕಾದಲ್ಲಿ ಆ ಬಣ್ಣವನ್ನು ಒರಸಿ ಬಿಳುಪನ್ನು ತೆಗೆಯುತ್ತಿದ್ದನು. ಮುಂದೆ ವೆನಿಸ್ಸಿಗೆ ಮೆತುವಾದ ಕಾಗದದ ಹೊದಿಕೆಯ ಪುಸ್ತಕವನ್ನು ಕೊಂಡೊಯ್ದನು. ಅದನ್ನು ಸುರುಳಿ ಸುತ್ತಿ ಕೋಟಿನ ಕಿಸೆಗೆ ಸೇರಿಸಬಹುದಾಗಿತ್ತು. ಬಯಲಿನಲ್ಲಿ ಮಾತ್ರ ಹೆಚ್ಚಾಗಿ ಸೀಸದ ಕಡ್ಡಿಯೇ ಸಾಧನ. ಬಣ್ಣದ ಒಂದು ಚಿತ್ರ ಮುಗಿಯುವಷ್ಟರಲ್ಲಿ ಸೀಸದ ಕಡ್ಡಿಯ ಹದಿನೈದು ಹದಿನಾರು ಚಿತ್ರಗಳಾಗುತ್ತವೆಂಬುದು ಅವನ ಲೆಕ್ಕಾಚಾರ. ಅವೇ ಪುಟಗಳಲ್ಲಿ ಕವಿತೆಯ ಸಾಲುಗಳು, ಖರ್ಚಿನ ಲೆಕ್ಕ, ಔಷಧದ ವಿಧಿಗಳೂ ಉಂಟು. ಡ್ರಾಯಿಂಗ್ ಪುಸ್ತಕದ ಹಿಂಬದಿಯಲ್ಲಿ ಗಣಿತ ಮಾಡಿ ಬೈಗುಳ ತಿಂದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ಸಮಾಧಾನ ತಂದೀತು!

ಗಡಿನಾಡಿನಲ್ಲಿ ಬಾಳುವ ನಮಗೆ ನೋರಂ ಕೋಟೆಯ ಕಥೆ ವಿಶೇಷವಾಗಿ ಹಿಡಿಸುತ್ತದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಗಡಿಯಾದ ಟ್ವೀಡ್ ನದಿಯ ದಡದಲ್ಲಿರುವ ಈ ಪಾಳುಕೋಟೆಯನ್ನು ಟರ್ನರ್ 1797ರಲ್ಲಿ ಸೀಸದ ಕಡ್ಡಿಯಿಂದ ಬರೆದುಕೊಂಡನು. ಮರುವರ್ಷವೇ ಅದರಿಂದ ಮೂಡಿದ ಜಲವರ್ಣಚಿತ್ರ ಅವನಿಗೆ ಕೀರ್ತಿ ತಂದಿತು. ಬಹುಕಾಲದ ನಂತರ ಆ ದಾರಿಯಲ್ಲಿ ಹೋಗುವಾಗ ಅವನು ಕೋಟೆಗೆ ಟೋಪಿ ತೆಗೆದು ವಂದಿಸಿದನೆಂದು ಹೇಳುತ್ತಾರೆ. ಸುಮಾರು 1845ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ಅದೇ ಕೋಟೆಯನ್ನು ತೈಲವರ್ಣದಲ್ಲಿ ಮತ್ತೆ ಬರೆದನು. ಅಲ್ಲಿ ಕಲ್ಲುಗೋಡೆಯೇ ಇಲ್ಲವೆನ್ನಬೇಕು. ಬೆಳಗಿನ ಮಂಜು, ನೀಲಿಯ ನೆರಳು, ನೀರಿಗಿಳಿದ ಒಂದು ಹಸು.

1851ರಲ್ಲಿ ಟರ್ನರ್ ತೀರಿಕೊಂಡಾಗ ಅವನ ಉಯಿಲಿನ ಬಗ್ಗೆ ಬಂಧುಗಳು ವ್ಯಾಜ್ಯ ಹೂಡಿದರು. ಉಯಿಲಿನಲ್ಲಿ ರಾಷ್ಟ್ರಕ್ಕೆಂದು ಬರೆದಿದ್ದುದು ಪೂರ್ಣಗೊಂಡ ಚಿತ್ರಗಳು ಮಾತ್ರ. ಆದರೆ 1856ರ ತೀರ್ಮಾನದಂತೆ ಅವನ ಮನೆಯಲ್ಲಿದ್ದ ಸ್ವಹಸ್ತದ ಕೃತಿಗಳೆಲ್ಲವೂ ರಾಷ್ಟ್ರದ ಪಾಲಾದವು. ಸುಮಾರು 300 ಸ್ಕೆಚ್ ಪುಸ್ತಕಗಳು ಹೀಗೆ ಚದುರಿಹೋಗದೆ ಉಳಿದವು. ವಿಮರ್ಶಕ ಜಾನ್ ರಸ್ಕಿನ್ ಅವನ್ನು ನ್ಯಾಷನಲ್ ಗ್ಯಾಲರಿಯ ನೆಲಮನೆಯ ತಗಡಿನ ಪೆಟ್ಟಿಗೆಗಳಲ್ಲಿ ಕಂಡಾಗ ಕೆಲವನ್ನು ತೇವವೂ ಇಲಿಗಳೂ ಹಾಳುಮಾಡಿದ್ದವು. ಅವನು ಶ್ರದ್ಧೆಯಿಂದಲೇ ವಿಂಗಡಿಸಿದನು. ಆದರೆ ಎಷ್ಟೋ ಪುಸ್ತಕಗಳ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬೇರ್ಪಡಿಸಿದ್ದು ನಮಗೆ ಒಪ್ಪಿಗೆಯಾಗದು. ಯಾವ ಪುಟದ ಮುಂದೆ ಯಾವ ಪುಟವೆಂಬುದು ಪಯಣದ ದಾರಿಯೇ ಅಲ್ಲವೆ? ಆ ದಾರಿಯನ್ನು ಮತ್ತೆ ಹುಡುಕುತ್ತ ಎ. ಜೆ. ಫಿನ್‌ಬರ್ಗ್ ವರ್ಷಗಟ್ಟಲೆ ದುಡಿದು 1909ರಲ್ಲಿ ಅವುಗಳ ಸಮಗ್ರ ಪಟ್ಟಿಯನ್ನು ಪ್ರಕಟಿಸಿದನು.