ಕರ್ನಲ್ ಮೆಕೆಂಜಿಯ ಸಹಾಯಕರು

ಗುರುವಾಯನಕೆರೆಯಿಂದ ನಾರಾವಿಯ ದಾರಿಯಾಗಿ ಕಾರ್ಕಳಕ್ಕೆ ಹೋಗುವ ನಮಗೆ ಅಲ್ಲಿಯ ಗೊಮ್ಮಟನು ಹೊಸಬನಲ್ಲ. 1432ರಲ್ಲಿ ನಿಂತ ಆ ಮೂರ್ತಿಯು ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಸೇರಿದ ಒಂದು ತೈಲಚಿತ್ರದ ಹಿನ್ನೆಲೆಯಲ್ಲಿಯೂ ಉಂಟೆಂಬುದನ್ನು ಮಾತ್ರ ಬಲ್ಲವರು ಕಡಿಮೆ. 1816ರಲ್ಲಿ ಥಾಮಸ್ ಹಿಕ್ಕಿಯು ಬರೆದ ಚಿತ್ರವದು. ನಡುವೆ ಕೆಂಪು ಸಮವಸ್ತ್ರದ ಕರ್ನಲ್ ಕಾಲಿನ್ ಮೆಕೆಂಜಿ. ಬಳಿಯಲ್ಲಿ ಮೂವರು ಭಾರತೀಯ ಸಹಾಯಕರು. ಒಬ್ಬನ ಕೈಯಲ್ಲಿ ತಾಳೆಯೋಲೆಯ ಕಟ್ಟು, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ.

ಈ ಮಹಾಶಯನನ್ನು ನನಗೆ ಮತ್ತೆ ನೆನಪಿಗೆ ತಂದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಬರೆದವರು ನಿವೃತ್ತರಾಗಿ, ವಿವರಣೆಯ ಕಾಗದಗಳು ಕಳೆದುಹೋಗಿ, ಆದರೂ ನಿತ್ಯದ ವ್ಯವಹಾರವನ್ನೆಲ್ಲ ನಡೆಸುತ್ತಿರುವ ಹಳೆಯ ಕೋಬಾಲ್ ಪ್ರೋಗ್ರಾಮುಗಳು ಅವನ ಪಾಲಿಗೆ ಬಂದಿವೆ. ಆ ಭಾಷೆ ಅವನಿಗೆ ಬಾರದು. ಕೃತಕ ಬುದ್ಧಿಮತ್ತೆಯ ಸಹಾಯಕವೊಂದು ಅದನ್ನು ಓದಿ ಅರ್ಥ ಹೇಳುತ್ತದೆ, ಇವನು ಬರೆದುಕೊಳ್ಳುತ್ತಾನೆ. ಸಂಸ್ಥೆಯ ಖಾಸಗಿ ಸೊತ್ತಾದುದರಿಂದ ಹೊರಗಿನವರಿಗೆ ತೋರಿಸಿ ಕೇಳುವಂತೆಯೂ ಇಲ್ಲ. ತಾನು ಓದಲಾರದ ಬರಹದ ಅರ್ಥಕ್ಕೆ ತಾನು ಹೊಣೆಯಾಗುವುದು ಹೇಗೆಂದು ಅವನ ಚಿಂತೆ. ನಾನು ಅವನಿಗೆ ಮೆಕೆಂಜಿಯ ಬಾಳನ್ನು ಹೇಳಿದೆನು.

1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಹುಟ್ಟಿದ ಮೆಕೆಂಜಿಯು 1783ರಲ್ಲಿ ಕಂಪೆನಿಯ ಸೇನೆಗೆ ಸೇರಿ ಮದರಾಸಿಗೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರನಾಗಿ ದುಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಅವನಿಗೆ ಒಪ್ಪಿಸಲ್ಪಟ್ಟಿತು. ಅಳೆಯಬೇಕಾಗಿದ್ದುದು ನೆಲವನ್ನು, ಅವನ ಮನಸ್ಸು ಹರಿದುದು ಕಲ್ಲು, ಓಲೆ, ಕಡತಗಳ ಕಡೆಗೆ. ಆದರೆ ಆತನಿಗೆ ಕನ್ನಡವೂ ಬಾರದು, ತೆಲುಗೂ ಬಾರದು, ಸಂಸ್ಕೃತವೂ ಬಾರದು. ಈ ಕೊರತೆಯನ್ನು ಅವನು ಕೊನೆಯವರೆಗೂ ತುಂಬಿಕೊಳ್ಳಲಿಲ್ಲ, ಮರೆಮಾಚಲೂ ಇಲ್ಲ.

ಕೊರತೆಯನ್ನು ತುಂಬಿದವನು ಏಲೂರಿನ ಕಾವಲಿ ವೆಂಕಟ ಬೋರಯ್ಯ. ಇಪ್ಪತ್ತರ ಹರೆಯದಲ್ಲಿಯೇ ಮೆಕೆಂಜಿಯ ಬಳಿ ಸೇರಿದ ಈ ತರುಣನು ಊರೂರು ಸುತ್ತಿ, ಶಾಸನಗಳನ್ನು ಪ್ರತಿ ಮಾಡಿ, ಯಾರೂ ಓದಲಾರದೆ ಬಿಟ್ಟಿದ್ದ ಹಳಗನ್ನಡ ಲಿಪಿಯ ಗಂಟನ್ನು ಬಿಡಿಸಿದನು. 1803ರಲ್ಲಿ ಅವನು ತೀರಿಕೊಂಡಾಗ ಮೂವತ್ತು ಕೂಡ ತುಂಬಿರಲಿಲ್ಲ. ಜೈನರನ್ನು ಕುರಿತ ಲೇಖನವೊಂದು ಮುಂದೆ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದಾಗ, ಅನುವಾದಿಸಿದವನು ಬೋರಯ್ಯನೆಂಬುದು ಅದರ ಶೀರ್ಷಿಕೆಯಲ್ಲಿಯೇ ಸೇರಿತು. ಆ ಕಾಲದ ಸಾಹೇಬರಲ್ಲಿ ಇದು ಸಣ್ಣ ಮಾತಲ್ಲ. ಅವನ ಬಳಿಕ ತಮ್ಮ ಲಕ್ಷ್ಮಯ್ಯನೂ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಕೆಲಸವನ್ನು ಮುಂದುವರಿಸಿದರು.

ಕೆಲಸವು ಸುಲಭವಾಗಿರಲಿಲ್ಲ. ಕಡತವು ಮನೆತನದ ಗುಟ್ಟು. ಇಂಥಿಂಥ ಭೂಮಿ, ಇಂಥಿಂಥ ಉಂಬಳಿ ಎಂಬುದು ಸರಕಾರಕ್ಕೆ ತಿಳಿದರೆ ಕಂದಾಯ ಏರೀತೆಂದು ಶಾನುಭೋಗರು ಅಂಜಿದರು. ಕೆಲವರು ಓಲೆಯೇ ಇಲ್ಲವೆಂದರು. ಈ ಅಂಜಿಕೆ ನಿರಾಧಾರವಾಗಿರಲಿಲ್ಲವೆಂದೇ ನನ್ನ ಎಣಿಕೆ. ಕೇಳಲು ಬಂದವನ ಹಿಂದೆ ನಿಂತಿದ್ದುದು ಕಂಪೆನಿಯೇ ಅಲ್ಲವೇ? ನಮ್ಮ ಮೂಡುಬಿದಿರೆಯಲ್ಲಿಯೂ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳು ಬಹುಕಾಲ ದರ್ಶನಕ್ಕಿದ್ದವೇ ಹೊರತು ಓದಿಗಲ್ಲ. ಅವುಗಳನ್ನು ಪ್ರತಿ ಮಾಡುವ ಕೆಲಸ ತೊಡಗಿದುದು 1896ರಲ್ಲಿ.

ಮೆಕೆಂಜಿಯ ದೊಡ್ಡತನ ಎಲ್ಲಿತ್ತೆಂದರೆ, ಸಹಾಯಕನ ವಿವರಣೆ ಕೈಗೆ ಬಂದಿತೆಂದು ಅವನು ಮೂಲವನ್ನು ಎಸೆಯಲಿಲ್ಲ. ಮೂಲದ ಪ್ರತಿ, ಅನುವಾದ, ಸಹಾಯಕರು ಕಳುಹಿಸಿದ ವರದಿ, ಎಲ್ಲವನ್ನೂ ಇರಿಸಿದನು. ಆದುದರಿಂದಲೇ ಮುಂದಿನವರು ಅನುವಾದವನ್ನು ಬದಿಗಿಟ್ಟು ಮೂಲಕ್ಕೆ ಹೋಗುವುದು ಸಾಧ್ಯವಾಯಿತು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದವು. ಭಾಷೆಯ ಉಪಾಧ್ಯಾಯನಾದ ನನ್ನ ಒಲವು, ನಿಜ ಹೇಳುವುದಾದರೆ, ಕಿಟ್ಟೆಲರ ಕಡೆಗೆ. 1853ರಲ್ಲಿ ಬಂದು, ಕನ್ನಡವನ್ನು ತಾವೇ ಕಲಿತು, 1894ರಲ್ಲಿ ನಿಘಂಟನ್ನು ಕೊಟ್ಟವರು ಅವರು. ಆದರೆ ಅವರಂತೆ ನಲವತ್ತು ವರ್ಷಗಳ ಬಿಡುವು ನನ್ನ ವಿದ್ಯಾರ್ಥಿಗಿಲ್ಲ. ಮೇಲಾಗಿ, ಬೋರಯ್ಯನು ತಿಳಿಯದ ಅಕ್ಷರದೆದುರು ತಡೆದು ನಿಲ್ಲಬಲ್ಲವನಾಗಿದ್ದನು. ಯಂತ್ರದ ಸಹಾಯಕವಾದರೋ ತಿಳಿಯದುದನ್ನೂ ತಿಳಿದಂತೆಯೇ ನಿರರ್ಗಳವಾಗಿ ಹೇಳಿಬಿಡುವುದುಂಟು. ಆದುದರಿಂದ ಅದು ಹೇಳಿದ ಪ್ರತಿಯೊಂದು ಅರ್ಥದ ಪಕ್ಕದಲ್ಲಿಯೂ ಮೂಲದ ಸಾಲಿನ ಸಂಖ್ಯೆಯನ್ನು ಬರೆದಿಡೆಂದೂ, ಅರ್ಥ ಹೇಳಿದುದು ಯಂತ್ರವೆಂಬುದನ್ನು ಅಡಗಿಸಬೇಡವೆಂದೂ ಅವನಿಗೆ ಸೂಚಿಸಿದೆನು.

ಮೆಕೆಂಜಿಯು 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. 1817ರಲ್ಲಿ ಕಲ್ಕತ್ತೆಗೆ ಹೋದನು. ಸಂಗ್ರಹದ ಪಟ್ಟಿಯನ್ನು ತಾನೇ ಸಿದ್ಧಪಡಿಸುವ ಆಸೆ ಕೈಗೂಡದೆ 1821ರ ಮೇ 8ರಂದು ತೀರಿಕೊಂಡನು. 1828ರಲ್ಲಿ ಎಚ್. ಎಚ್. ವಿಲ್ಸನ್ನನು ಪಟ್ಟಿಮಾಡಿದಾಗ 1568 ಸಾಹಿತ್ಯಗ್ರಂಥಗಳೂ 8076 ಶಾಸನಪ್ರತಿಗಳೂ ಲೆಕ್ಕಕ್ಕೆ ಬಂದವು. ಅವುಗಳ ಒಳಹೊರಗನ್ನು ಲಕ್ಷ್ಮಯ್ಯನಷ್ಟು ಬಲ್ಲವರು ಮತ್ತೊಬ್ಬರಿರಲಿಲ್ಲ. ಉಳಿದ ಕೆಲಸವನ್ನು ತನಗೆ ಒಪ್ಪಿಸಬೇಕೆಂದು ಅವನು ಕೇಳಿಕೊಂಡನು. ಅಂಥ ಶೋಧನೆಯ ಮುಂದಾಳಾಗುವ ಯೋಗ್ಯತೆ ಅವನಿಗಿಲ್ಲವೆಂದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್ಪನು ಅಭಿಪ್ರಾಯಪಟ್ಟನು. ಹಸ್ತಪ್ರತಿಗಳ ಪರಿಶೀಲನೆಯು ಮದರಾಸಿನ ಪಾದ್ರಿ ವಿಲಿಯಂ ಟೇಲರನ ಪಾಲಿಗೆ ಹೋಯಿತು.